ಪಿನ್‌ಬಾಲ್‌ಗೆ ಸದ್ದು ಮರಳಿಸಿದ ಟಿಲ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಬೇಕರಿಯವನು ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಿದ್ದಾನೆ. ಅದರ ಪಕ್ಕದ ಓಣಿಯಲ್ಲಿ, ಹಿಂದೆ ಯಾರದೋ ಕಾರು ನಿಲ್ಲುತ್ತಿದ್ದ ತಗಡಿನ ಶೆಡ್ಡಿನೊಳಗೆ, ಅರವತ್ತರ ಹತ್ತಿರದ ಹೆಂಗಸೊಬ್ಬರು ತಾವೇ ತಿಂಗಳುಗಟ್ಟಲೆ ಕೂತು ರಿಪೇರಿ ಮಾಡಿದ ಯಂತ್ರವನ್ನು ತಾವೇ ಕೆಡಿಸುತ್ತಿದ್ದಾರೆ. ಅದರ ಒಳಮೈಗೆ ಅಂಟಿಸಿದ್ದ ದಪ್ಪನೆಯ ಉಣ್ಣೆ ಬಟ್ಟೆಯ ಕೊನೆಯ ತುಂಡನ್ನು ಚರ್ ಎಂದು ಕಿತ್ತು ಬುಟ್ಟಿಗೆ ಎಸೆಯುತ್ತಾರೆ. ಗಟ್ಟಿಯಾಗಿ ಕೂತಿದ್ದ ಸ್ಕ್ರೂ ಒಂದನ್ನು ಅರ್ಧ ಸುತ್ತು ಸಡಿಲಿಸುತ್ತಾರೆ. ಆಮೇಲೆ ಒಂದು ಉಕ್ಕಿನ ಗುಂಡನ್ನು ಇಳಿಜಾರಿನ ಹಲಗೆಯ ಮೇಲೆ ಬಿಟ್ಟು, ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಾರೆ. ಗುಂಡು ಗಡಗಡನೆ ಸದ್ದು ಮಾಡುತ್ತಾ ಉರುಳಿ ಬಂದು ಅವರ ಅಂಗೈ ಸೇರುತ್ತದೆ.

"ಈಗ ಬಾಯಿ ಬಂತು ನೋಡಿ ಇದಕ್ಕೆ," ಎನ್ನುತ್ತಾರೆ, ಕಣ್ಣು ತೆರೆಯದೆ.

ಓಣಿಗೆಲ್ಲ ಇವರು ಟಿಲ್ಟಕ್ಕ. ಮನೆಯಲ್ಲಿ ಇಟ್ಟುಕೊಂಡು ಆಡುವ ಹಳೆಯ ಪಿನ್‌ಬಾಲ್ ಯಂತ್ರಗಳನ್ನು ಅಗ್ಗಕ್ಕೆ ಕೊಂಡು, ಬಿಚ್ಚಿ, ತೊಳೆದು, ಜೀವ ಬರಿಸಿ ಮಾರುವುದು ಇವರ ಕಸುಬು. ಪಿನ್‌ಬಾಲ್ ನೋಡದವರಿಗಾಗಿ ಒಂದು ಮಾತು. ಅದು ನಾಲ್ಕು ಕಾಲಿನ ಮೇಲೆ ನಿಂತ, ಗಾಜಿನ ಮುಚ್ಚಳದ, ಆಡುವವರ ಕಡೆಗೆ ಇಳಿಜಾರಾದ ಉದ್ದನೆಯ ಪೆಟ್ಟಿಗೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಅಲ್ಲಲ್ಲಿ ನೆಟ್ಟ, ರಬ್ಬರ್ ಬಳೆ ತೊಟ್ಟ ಗೂಟಗಳಿಗೆ ತಲೆ ಚಚ್ಚಿಕೊಂಡು, ದೀಪ ಹೊತ್ತಿಸಿ, ಅಂಕ ತಂದುಕೊಡುತ್ತಾ ಕೆಳಗೆ ಬರುತ್ತದೆ. ಕೆಳಗೆ ನಡುವಿನಲ್ಲಿ ಒಂದು ಕಿಂಡಿ. ಅದರ ಎರಡು ಪಕ್ಕದಲ್ಲಿ ಎರಡು ಪುಟ್ಟ ರೆಕ್ಕೆಗಳು. ಪೆಟ್ಟಿಗೆಯ ಎಡಕ್ಕೂ ಬಲಕ್ಕೂ ಇರುವ ಬಟನ್ ಒತ್ತಿದರೆ ರೆಕ್ಕೆ ಬಡಿದು ಗುಂಡನ್ನು ಮತ್ತೆ ಮೇಲಕ್ಕೆ ಅಟ್ಟುತ್ತದೆ. ಒಂದು ಗಳಿಗೆ ತಡವಾದರೂ ಗುಂಡು ಕಿಂಡಿಯ ಪಾಲು. ಆಟವೆಂದರೆ ಇಷ್ಟೇ. ಇಷ್ಟಕ್ಕೇ ಮನೆಮಠ ಮರೆತವರನ್ನು ಟಿಲ್ಟಕ್ಕ ಬೇಕಾದಷ್ಟು ನೋಡಿದ್ದಾರೆ.

ಅವರು ಈ ಯಂತ್ರಗಳ ಸಹವಾಸಕ್ಕೆ ಬಿದ್ದದ್ದು ಆಟದ ಹುಚ್ಚಿನಿಂದಲ್ಲ. ಮದುವೆಗೆ ಮುಂಚೆ ಬಸ್ ನಿಲ್ದಾಣದ ಎದುರಿನ ಆಟದ ಅಂಗಡಿಯೊಂದರಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿದ್ದರು. ಪಿನ್‌ಬಾಲ್ ಆಡುವವರಲ್ಲಿ ಒಂದು ಕಳ್ಳ ಬುದ್ಧಿ ಇರುತ್ತದೆ: ಗುಂಡು ಕೈತಪ್ಪಿ ಹೋಗುತ್ತಿದೆ ಅನ್ನಿಸಿದಾಗ ಇಡೀ ಪೆಟ್ಟಿಗೆಯನ್ನೇ ಮೆಲ್ಲಗೆ ಅಲ್ಲಾಡಿಸಿ ಅದರ ದಾರಿ ತಪ್ಪಿಸುವುದು. ಇದನ್ನು ಹಿಡಿಯಲೆಂದು ದೊಡ್ಡ ಯಂತ್ರಗಳ ಒಳಗೆ ಒಂದು ತೂಗುಗುಂಡು ನೇತುಬಿದ್ದಿರುತ್ತದೆ. ಪೆಟ್ಟಿಗೆ ಹೆಚ್ಚು ಅಲುಗಿದರೆ ಅದು ಸುತ್ತಲಿನ ಬಳೆಗೆ ತಗುಲಿ 'ಟಿಲ್ಟ್' ಎಂಬ ದೀಪ ಹತ್ತಿ ಆಟ ನಿಂತುಹೋಗುತ್ತದೆ. ಆ ಅಂಗಡಿಯ ಯಂತ್ರಗಳಲ್ಲಿ ತೂಗುಗುಂಡುಗಳು ತುಕ್ಕು ಹಿಡಿದು ಎಂದೋ ಕೈಕೊಟ್ಟಿದ್ದವು. ಮಾಲೀಕನಿಗೆ ಅದನ್ನು ಸರಿಮಾಡಿಸುವುದಕ್ಕಿಂತ ಈ ಹುಡುಗಿಯನ್ನು ನಿಲ್ಲಿಸುವುದು ಸುಲಭವೆನಿಸಿತು. ಯಾರಾದರೂ ಅಲ್ಲಾಡಿಸಿದರೆ "ಟಿಲ್ಟ್!" ಎಂದು ಕೂಗಿ, ಪ್ಲಗ್ ಕಿತ್ತುಬಿಡಬೇಕು ಎಂದು ಅಪ್ಪಣೆಯಾಯಿತು.

"ಕಿರುಚೋದಕ್ಕೆ ಸಂಬಳ ಕೊಡ್ತಿದ್ರು ನನಗೆ," ಎಂದು ನಗುತ್ತಾರೆ. "ಅದಕ್ಕೆ ಮುಂಚೆ ಮನೇಲಿ ಜೋರಾಗಿ ಮಾತಾಡಿದ್ರೂ ಬೈತಿದ್ರು."

ಹೀಗೆ ಕೂಗಿಸಿಕೊಂಡವರಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಸಿಕ್ಕಿಬಿದ್ದವರು ಒಬ್ಬ ಸಿಟಿ ಬಸ್ಸಿನ ಡ್ರೈವರ್. ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬರುತ್ತಿದ್ದ ಆತ ಕೈಯಲ್ಲಿ ಅಲ್ಲಾಡಿಸುತ್ತಿರಲಿಲ್ಲ, ಸೊಂಟದಿಂದ ಇಷ್ಟೇ ಇಷ್ಟು ನೂಕುತ್ತಿದ್ದರು. ಬೇರೆ ಯಾರ ಕಣ್ಣಿಗೂ ಬೀಳದಂಥ ನೂಕು. ಟಿಲ್ಟ್ ಎಂದು ಕೂಗಿದರೆ ಮುಗ್ಧ ಮುಖ ಮಾಡಿಕೊಂಡು "ನಾನೆಲ್ಲಿ ಅಲ್ಲಾಡಿಸ್ದೆ?" ಎಂದು ವಾದಕ್ಕೆ ನಿಲ್ಲುತ್ತಿದ್ದರು. ವಾದ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಎಳೆಯಿತು. ಕೊನೆಗೆ ಅದು ಮದುವೆಯಲ್ಲಿ ಮುಗಿಯಿತು ಎನ್ನಬಹುದಿತ್ತು. ಆದರೆ ಮುಗಿಯಲಿಲ್ಲ, ಮನೆಗೆ ಬಂತು. ಸಾರಿನ ಉಪ್ಪಿನಿಂದ ಹಿಡಿದು ಮಗಳ ಸ್ಕೂಲಿನವರೆಗೆ ಜಗಳ. ಊರಿಗೆಲ್ಲ ಟಿಲ್ಟಕ್ಕ ಆದವರು ಗಂಡನಿಗೆ ಮಾತ್ರ ಬರೀ 'ಟಿಲ್ಟು'. ಜಗಳ ಶುರುವಾಗುತ್ತಿದ್ದದ್ದೇ ಆ ಹೆಸರಿನಿಂದ.

ಆಟದ ಅಂಗಡಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಮುದುಕ ಮೆಕಾನಿಕ್ಕಿಗೆ ಟಾರ್ಚ್ ಹಿಡಿಯುತ್ತಾ ಹಿಡಿಯುತ್ತಾ ಟಿಲ್ಟಕ್ಕ ಕೆಲಸ ಕಲಿತರು. ರೆಕ್ಕೆ ಬಡಿಸುವ ತಾಮ್ರದ ಸುರುಳಿ ಸುಟ್ಟಾಗ ಯಾವ ವಾಸನೆ ಬರುತ್ತದೆ, ಬೆಸುಗೆ ಬಿಟ್ಟಿದ್ದನ್ನು ಕಣ್ಣಿಗಿಂತ ಉಗುರಿನಿಂದ ಹೇಗೆ ಪತ್ತೆ ಮಾಡಬೇಕು, ಎಲ್ಲ ಅಲ್ಲೇ. ಅಂಗಡಿ ಮುಚ್ಚಿದ ಮೇಲೆ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾ ಬಹಳ ಕಾಲ ತಳ್ಳಿದರು. ಒಮ್ಮೆ ಮೆಷಿನ್ನಿಗೆ ಎಣ್ಣೆ ಹಾಕಲು ಹೋದ ಮನೆಯ ಮೂಲೆಯಲ್ಲಿ, ಬಟ್ಟೆ ಒಣಹಾಕಿದ್ದ ಒಂದು ಪಿನ್‌ಬಾಲ್ ಯಂತ್ರ ಕಂಡಿತಂತೆ. ಹಳೆಯ ನೆಂಟರು ಸಿಕ್ಕಂತಾಗಿ ಅಲ್ಲೇ ಬಿಚ್ಚಿ ಕೂತರು. ಅಂದಿನಿಂದ ಇದೇ ಕಸುಬು. ಈಗಲೂ ಕೆಲವು ಮನೆಗಳಲ್ಲಿ ಬಾಗಿಲು ತೆರೆದವರು ಇವರ ಹಿಂದೆ ಇಣುಕಿ ನೋಡಿ ಮೆಕಾನಿಕ್ ಎಲ್ಲಿ ಎನ್ನುತ್ತಾರೆ. ಬರ್ತಿದ್ದಾರೆ ಎಂದು ಹೇಳಿ ಒಳಗೆ ಹೋಗಿ, ಯಂತ್ರದ ಕೆಳಗೆ ಮಲಗಿಕೊಂಡು, ಬಂದ್ರು ಎಂದು ಅಲ್ಲಿಂದಲೇ ಹೇಳುವುದು ಇವರ ರೂಢಿ.

ದೊಡ್ಡ ಅಂಗಡಿ ಯಂತ್ರಗಳ ತಂಟೆಗೆ ಅವರು ಹೋಗುವುದಿಲ್ಲ. ಅವು ಭಾರ, ದುಬಾರಿ, ಮೆಟ್ಟಿಲು ಹತ್ತುವುದಿಲ್ಲ. ಮನೆಗೆಂದೇ ಮಾಡಿದ ಯಂತ್ರಗಳು ಬೇರೆ. ಮೈ ಹಗುರ, ಕಾಲು ಸಣ್ಣ, ಗಟ್ಟಿ ಮರದ ಬದಲು ಮರದ ಪುಡಿ ಅಂಟಿಸಿ ಮಾಡಿದ ಹಲಗೆ. ಸಂಗ್ರಹಕಾರರು ಇವನ್ನು ಕಂಡರೆ ಮೂಗು ಮುರಿಯುತ್ತಾರೆ. ಹಾಗಾಗಿಯೇ ಒಂದು ಒಳ್ಳೆಯ ಸೈಕಲ್ಲಿನ ಬೆಲೆಗೆ ಸಿಗುತ್ತವೆ. ಕೊಳ್ಳುವಾಗ ಏನು ನೋಡಬೇಕು ಎಂದು ಕೇಳಿದರೆ ಟಿಲ್ಟಕ್ಕ ಮೊದಲು ಮೂಗು ತೋರಿಸುತ್ತಾರೆ. ಪೆಟ್ಟಿಗೆ ತೆರೆದ ತಕ್ಷಣ ಮುಗ್ಗಲು ವಾಸನೆ ಬಂದರೆ ಹಲಗೆ ನೀರು ಕುಡಿದು ಉಬ್ಬಿದೆ ಎಂದು ಅರ್ಥ, ಚೌಕಾಸಿಯೂ ಬೇಡ, ಮನೆಗೆ ಹೋಗಿ. ಬ್ಯಾಟರಿ ಸೋರಿ ಒಳಗಿನ ಬೋರ್ಡಿನ ಮೇಲೆ ಹಸಿರು ಕಿಲುಬು ಹಬ್ಬಿದ್ದರೂ ಅಷ್ಟೆ. ದೀಪ ಹತ್ತದಿದ್ದರೆ, ರೆಕ್ಕೆ ಬಡಿಯದಿದ್ದರೆ, ರಬ್ಬರ್ ಬಳೆಗಳು ಒಣಗಿ ಉದುರಿದ್ದರೆ ಹೆದರಬೇಕಿಲ್ಲ. ಗುಂಡಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಅದನ್ನು ಆಗಲೇ ಎಸೆಯಬೇಕು, ಇಲ್ಲದಿದ್ದರೆ ಅದು ಉರುಳಿದ ಕಡೆಯಲ್ಲೆಲ್ಲ ಹಲಗೆಯ ಬಣ್ಣವನ್ನು ಉಜ್ಜಿ ತೆಗೆಯುತ್ತದೆ.

ಪರಿಚಯಕ್ಕೆಂದು ನಾನು ಕೊಟ್ಟ ವಿಸಿಟಿಂಗ್ ಕಾರ್ಡನ್ನು ಅವರು ಓದಲಿಲ್ಲ. ಬೆರಳಿನಿಂದ ಬಾಗಿಸಿ ನೋಡಿ, ದಪ್ಪ ಚೆನ್ನಾಗಿದೆ ಎಂದು ಮೆಚ್ಚಿ, ಉದ್ದಕ್ಕೆ ಕತ್ತರಿಸಿ, ಸ್ವಿಚ್ಚಿನ ಎರಡು ತೆಳು ಲೋಹದ ಎಲೆಗಳ ನಡುವೆ ತೂರಿಸಿ ಎಳೆದರು. ನನ್ನ ಹೆಸರು ಕಪ್ಪು ಬಳಿದುಕೊಂಡು ಹೊರಬಂತು, ಸ್ವಿಚ್ಚು ಮಾತ್ರ ಫಳಫಳ ಎಂದಿತು. ಅರ ಹಾಕಿ ಉಜ್ಜಿದರೆ ಸ್ವಿಚ್ಚಿನ ತುದಿಯ ಲೇಪ ಹೋಗುತ್ತದಂತೆ. ಇಂಥ ಕೆಲಸಕ್ಕೆ ನಮ್ಮಂಥವರ ಕಾರ್ಡೇ ಸರಿ.

ಆದರೆ ಟಿಲ್ಟಕ್ಕನ ಹೆಸರು ನಿಂತಿರುವುದು ಇದ್ಯಾವುದರಿಂದಲೂ ಅಲ್ಲ. ಅವರ ಯಂತ್ರ ಸದ್ದು ಮಾಡುವುದಿಲ್ಲ. ಮನೆಗೆ ಪಿನ್‌ಬಾಲ್ ತಂದವರ ಮೊದಲ ಗೋಳೇ ಸದ್ದು. ಗುಂಡು ಉರುಳಿದರೆ ಗಡಗಡ, ಬಡಿದರೆ ಟಣ್, ರೆಕ್ಕೆ ಎದ್ದರೆ ಫಟ್. ಮಗು ಏಳುತ್ತದೆ, ಅತ್ತೆಯವರು ಗೊಣಗುತ್ತಾರೆ, ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ಟಿಲ್ಟಕ್ಕ ಇದಕ್ಕೆ ತಮ್ಮದೇ ಮದ್ದು ಕಂಡುಹಿಡಿದರು. ಹಲಗೆಯ ಅಡಿಗೂ ಪೆಟ್ಟಿಗೆಯ ತಳಕ್ಕೂ ಉಣ್ಣೆ ಬಟ್ಟೆಯ ಹಾಸು, ಮೆತ್ತನೆಯ ರಬ್ಬರ್ ಬಳೆಗಳು, ಮೇಣ ಉಜ್ಜಿದ ಹಲಗೆ, ದಪ್ಪ ಗಾಜು, ಒಂದೂ ಅಲುಗದ ಸ್ಕ್ರೂ. ಆಟದ ಅಂಗಡಿಯ ಕಿವಿಗಡಚಿಕ್ಕುವ ಗದ್ದಲದಲ್ಲಿ ಯೌವನ ಕಳೆದವರಿಗೆ ಮೌನವೇ ಕೆಲಸದ ಅಚ್ಚುಕಟ್ಟು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಗೊತ್ತಿರುವ ಅವರು ಈಗ ಅದೇ ಹಾಸನ್ನು ಕೀಳುತ್ತಿರುವುದೇಕೆ ಎಂಬುದಕ್ಕೆ ಉತ್ತರ ಶೆಡ್ಡಿನ ಗೋಡೆಯಾಚೆಯ ಕೋಣೆಯಲ್ಲಿ ಮಲಗಿದೆ. ಆ ಬಸ್ ಡ್ರೈವರಿಗೆ ಕಣ್ಣಿನ ಒಳಪದರದ ಕಾಯಿಲೆ. ಮೊದಲು ಬದಿಯ ನೋಟ ಹೋಯಿತು. ಒಂದು ದಿನ ಬಸ್ಸಿನ ಚಕ್ರ ಫುಟ್‌ಪಾತಿನ ಅಂಚಿಗೆ ಉಜ್ಜಿದ್ದೇ ತಡ, ಅವರು ಯಾರಿಂದಲೂ ಹೇಳಿಸಿಕೊಳ್ಳದೆ ಸಂಜೆ ಡಿಪೋಗೆ ಹೋಗಿ ಕೀಲಿ ಒಪ್ಪಿಸಿ ಬಂದರು. ಆಮೇಲೆ ನಡುವಿನ ನೋಟವೂ ಹೋಯಿತು. ನಡೆದಾಡಲು ಕಲಿತರು, ಬಟ್ಟೆ ಮಡಿಸಲು, ಕಾಫಿ ಬೆರೆಸಿಕೊಳ್ಳಲು ಕಲಿತರು. ಆದರೆ ಜಗಳ ಬಿಟ್ಟುಬಿಟ್ಟರು.

"ಅದೇ ನನಗೆ ಭಯ ಆಗಿದ್ದು," ಎನ್ನುತ್ತಾರೆ ಟಿಲ್ಟಕ್ಕ. ಕೈ ಕೆಲಸ ಮಾಡುತ್ತಲೇ ಇದೆ, ದನಿ ಮಾತ್ರ ಇಳಿದಿದೆ. "ಏನು ಹೇಳಿದ್ರೂ ಹೂಂ ಅಂತಾರೆ. ಉಪ್ಪು ಜಾಸ್ತಿ ಹಾಕಿ ಕೊಟ್ಟೆ, ಬೇಕು ಅಂತಲೇ. ಚೆನ್ನಾಗಿದೆ ಅಂದ್ರು. ಆವತ್ತು ಅಡುಗೆಮನೇಲಿ ನಿಂತು ಅತ್ತೆ."

ಇದೇ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಭಾನುವಾರ ಬರುತ್ತಾಳೆ, ಉಳಿದ ದಿನ ಫೋನ್ ಮಾಡುತ್ತಾಳೆ. ಅಪ್ಪ ಊಟ ಮಾಡಿದ್ರಾ, ಮಾತ್ರೆ ತಗೊಂಡ್ರಾ ಎಂದು ಅವಳು ಕೇಳುವುದಿಲ್ಲವಂತೆ. ಅಪ್ಪ ಏನಾದರೂ ತಕರಾರು ತೆಗೆದರಾ ಎಂಬುದೊಂದೇ ಪ್ರಶ್ನೆ. ಎರಡು ವರ್ಷದಿಂದ ಇದಕ್ಕೆ ಇಲ್ಲ ಎಂದೇ ಉತ್ತರ ಹೋಗುತ್ತಿತ್ತು.

ಹೋದ ಚಳಿಗಾಲದಲ್ಲಿ ಟಿಲ್ಟಕ್ಕ ಒಂದು ಹಳೆಯ ಮನೆ ಯಂತ್ರ ಕೊಂಡು ತಂದರು. ಈ ಸಲ ಮಾರಲಿಕ್ಕಲ್ಲ, ಗಂಡನಿಗೆಂದು. ಗಾಜಿನ ಜಾಗದಲ್ಲಿ ಒಡಕು ಪ್ಲಾಸ್ಟಿಕ್ಕಿನ ಅರ್ಧ ಹಾಳೆ, ಸಡಿಲವಾದ ಕಾಲು, ಒಳಗೆ ಯಾರೋ ಕಳೆದುಕೊಂಡ ಹೇರ್‌ಪಿನ್ನು. ಶೆಡ್ಡಿಗೆ ಇಳಿಸುವಾಗ ಗುಂಡು ಒಳಗೇ ಉರುಳಿ ದಡಬಡ ಎಂದಿತು. ಬಾಗಿಲ ಬಳಿ ನಿಂತಿದ್ದ ಯಜಮಾನರು, ಬಲಗಡೆ ಹೋಗಿ ಸಿಕ್ಕಿಕೊಂಡಿದೆ ನೋಡು ಎಂದರು. ಸಿಕ್ಕಿಕೊಂಡಿದ್ದದ್ದು ಬಲಗಡೆಯೇ. ಟಿಲ್ಟಕ್ಕ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ, ಇಳಿಸುವವರು ಬೆರಳು ಜಜ್ಜಿಕೊಳ್ಳದಿದ್ದರೆ ಸಾಕಾಗಿತ್ತು ಅವರಿಗೆ.

ಆಮೇಲೆ ಜೀವಮಾನದಲ್ಲೇ ಮಾಡದಷ್ಟು ಮನಸ್ಸಿಟ್ಟು ಕೆಲಸ ಮಾಡಿದರು. ಹಲಗೆಯ ಮೇಲಿನ ಬಣ್ಣ ಎದ್ದ ಕಡೆ ಸಣ್ಣ ಕುಂಚದಿಂದ ತುಂಬಿದರು. ಎರಡೂ ರೆಕ್ಕೆಯ ಸುರುಳಿಗಳನ್ನು ಹೊಸದಾಗಿ ಸುತ್ತಿದರು. ಬೇರೆಯವರ ಯಂತ್ರಕ್ಕೆ ಒಂದು ಪದರ ಉಣ್ಣೆ ಹಾಕಿದರೆ ಇದಕ್ಕೆ ಎರಡು. ಮೇಣ ಉಜ್ಜಿದ ಹಲಗೆಯ ಮೇಲೆ ಗುಂಡು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಬೇಕು, ಉಸಿರು ಕೂಡ ಕೇಳಿಸಬಾರದು. ಹಾಗೇ ಆಯಿತು. ಅವರ ಕೈಯಿಂದ ಅಂಥ ಯಂತ್ರ ಹಿಂದೆಂದೂ ಆಚೆ ಬಂದಿರಲಿಲ್ಲ.

ಯಜಮಾನರನ್ನು ಕರೆತಂದು ನಿಲ್ಲಿಸಿದರು. ಅವರು ಸ್ಪ್ರಿಂಗ್ ಎಳೆದು ಬಿಟ್ಟರು. ಗುಂಡು ಹೋಯಿತು, ಬಂತು, ಕಿಂಡಿಗೆ ಬಿತ್ತು. ಅವರು ರೆಕ್ಕೆ ಬಡಿದದ್ದು ಅದಾದ ಮೇಲೆ. ಎರಡನೆಯ ಗುಂಡಿಗೆ ಸುಮ್ಮನೆ ಗಾಳಿಗೆ ಬಡಿದರು. ಮೂರನೆಯದನ್ನು ಎಳೆಯಲೇ ಇಲ್ಲ. ಗಾಜಿನ ಮೇಲೆ ಕೈಯಾಡಿಸಿ, ಚೆನ್ನಾಗಿ ಮಾಡಿದ್ದೀಯ, ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿ ಗೋಡೆ ಹಿಡಿದು ಒಳಗೆ ಹೋದರು. ಕಣ್ಣಿಲ್ಲದವರನ್ನು ಕಣ್ಣಿನ ಆಟಕ್ಕೆ ಎಳೆದು ಇರುವ ನೋವಿನ ಮೇಲೆ ಬರೆ ಹಾಕಿದೆನಲ್ಲ ಎಂದು ಟಿಲ್ಟಕ್ಕನಿಗೆ ತಮ್ಮ ಮೇಲೇ ಸಿಟ್ಟು ಬಂತು. ಮಾರನೆಯ ದಿನವೇ ಹಾರ್ಡ್‌ವೇರ್ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದರು: ಮನೆಗೆ ಪಿನ್‌ಬಾಲ್ ಯಂತ್ರ, ಹೊಸದರ ಹಾಗಿದೆ, ಕಡಿಮೆ ಬೆಲೆ.

ಆ ಚೀಟಿ ನೋಡಿ ಓಡಿ ಬಂದವರಲ್ಲಿ ಮೊದಲನೆಯವರು ಯಾರು ಎಂದರೆ, ಈ ಲೇಖನ ಬರೆಯುತ್ತಿರುವವರೇ. ನಾನು ಟಿಲ್ಟಕ್ಕನ ಬಗ್ಗೆ ಬರೆಯಲು ಬಂದಿರಲಿಲ್ಲ, ಯಂತ್ರ ಹೊತ್ತುಕೊಂಡು ಹೋಗಲು ಬಂದಿದ್ದೆ. ಮನೆಯಲ್ಲಿ ಕಾಡಿ ಬೇಡಿ ಒಪ್ಪಿಗೆ ಪಡೆದು, ಹಾಲಿನ ಸೋಫಾ ಒಂದು ಅಡಿ ಸರಿಸಿ ಜಾಗವನ್ನೂ ಮಾಡಿಟ್ಟಿದ್ದೆ. ಆಡಿ ನೋಡಿದೆ, ಮನಸ್ಸು ಸೋತೆ. ಒಳಗಡೆ ಹೇಗಿದೆ ಎಂದು ಕೇಳಿದೆ. ಟಿಲ್ಟಕ್ಕ ಗಾಜು ಜಾರಿಸಿ ತೆಗೆದು ಗೋಡೆಗೆ ಒರಗಿಸಿದರು. ಹಲಗೆಯನ್ನು ಎತ್ತಿ ತೋರಿಸಿ, ಅಡಿಯ ಉಣ್ಣೆಯನ್ನು ಕಿತ್ತು ಒಂದು ಕಡೆ ಸುತ್ತಿಟ್ಟು, ಹಲಗೆಯನ್ನು ಮತ್ತೆ ಇಳಿಸಿದರು. ನನಗೆ ಬೇಸರವಾಗದಿರಲೆಂದೋ ಏನೋ, ಒಂದು ಗುಂಡನ್ನು ಕೈಯಿಂದಲೇ ಮೇಲಿನಿಂದ ಉರುಳಿಬಿಟ್ಟರು.

ಗೋಡೆಯಾಚೆಯಿಂದ ದನಿ ಬಂತು. "ಎಡಗಡೆ."

ಟಿಲ್ಟಕ್ಕ ನನ್ನ ಮುಖ ನೋಡಿದರು. ಇನ್ನೊಂದು ಗುಂಡು ಬಿಟ್ಟರು.

"ನಡುವೆ ಬಡೀತು. ಈಗ ಬಲಗಡೆ. ಬಿತ್ತು."

ಬಿದ್ದಿತ್ತು. ಕೋಣೆಯೊಳಗೆ ಮಂಚದ ಮೇಲೆ ಕೂತವರು, ಬಾಗಿಲಿನ ಕಡೆ ಮುಖ ಕೂಡ ತಿರುಗಿಸದೆ ಹೇಳುತ್ತಿದ್ದರು. ಟಿಲ್ಟಕ್ಕ ಸ್ಟೂಲಿನ ಮೇಲೆ ಕೂತರು. ಮೈಯೆಲ್ಲ ಕಿವಿಯಾಗಿ ಬದುಕುತ್ತಿರುವ ಮನುಷ್ಯನಿಗೆ ತಾವು ಸದ್ದೇ ಇಲ್ಲದ ಯಂತ್ರ ಮಾಡಿಕೊಟ್ಟದ್ದು ಅವರಿಗೆ ಆಗ ಹೊಳೆಯಿತು. ಅರ್ಧ ಜೀವಮಾನ ಯಾವುದನ್ನು ಕೆಲಸದ ಹೆಚ್ಚುಗಾರಿಕೆ ಎಂದು ನಂಬಿದ್ದರೋ ಅದೇ ಅಡ್ಡ ನಿಂತಿತ್ತು. ಅವರು ಅತ್ತರೋ ನಕ್ಕರೋ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನನ್ನ ಕೈಗೆ ಗಾಜು ಒರೆಸುವ ಬಟ್ಟೆ ಕೊಟ್ಟು, ಇದು ಮಾರಾಟಕ್ಕಿಲ್ಲ, ತಪ್ಪು ತಿಳ್ಕೋಬೇಡಿ ಎಂದರು. ಆ ಬಟ್ಟೆ ಯಾಕೆ ಕೊಟ್ಟರೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಸೋಫಾವನ್ನು ಮೊದಲಿನ ಜಾಗಕ್ಕೆ ಸರಿಸಿದೆ.

ಆದರೆ ಯಜಮಾನರು ಒಪ್ಪಲಿಲ್ಲ. ಇನ್ನೊಮ್ಮೆ ಆಡಿ ಎಂದರೆ, ಒಂದು ಸಲ ಆಯಿತಲ್ಲ ಎಂದುಬಿಟ್ಟರಂತೆ. ಟಿಲ್ಟಕ್ಕ ಒತ್ತಾಯಿಸಲಿಲ್ಲ. ಎರಡು ವಾರದಿಂದ ಶೆಡ್ಡಿನಲ್ಲಿ ಕುಟ್ಟುತ್ತಿದ್ದಾರೆ, ಅವರು ಒಳಗಿನಿಂದ ಕೇಳುತ್ತಿದ್ದಾರೆ, ಇಬ್ಬರೂ ಆ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇವತ್ತು ಕೆಲಸ ಮುಗಿಯುತ್ತದೆ, ಕಾಫಿಯ ಹೊತ್ತಿಗೆ ಅವರನ್ನು ಕರೆಯುತ್ತೇನೆ, ಬೇಕಾದರೆ ಬನ್ನಿ ಎಂದು ನನಗೆ ನಿನ್ನೆ ಫೋನ್ ಬಂತು. ಯಂತ್ರ ಕೊಡದ ಪಾಪಕ್ಕೆ ಕಾಫಿಯಾದರೂ ಕೊಡುತ್ತೇನೆ ಎಂದೂ ಸೇರಿಸಿದರು.

ಸದ್ದು ಕಳೆಯುವುದಕ್ಕಿಂತ ಸದ್ದು ತುಂಬುವುದು ಕಷ್ಟವಂತೆ. ಉಣ್ಣೆ ಕಿತ್ತರೆ ಬರುವುದು ಬರೀ ಗದ್ದಲ. ಕೇಳುವವರಿಗೆ ಯಾವ ಸದ್ದು ಎಲ್ಲಿಂದ ಬಂತು ಎಂದು ತಿಳಿಯಬೇಕು. ಅದಕ್ಕೆ ಎಡಗಡೆಯ ಗೂಟಗಳಿಗೆ ಹಳೆಯ ಗಟ್ಟಿ ರಬ್ಬರ್, ಬಲಗಡೆಗೆ ಹೊಸ ಮೆತ್ತನೆಯದು. ಎಡ ರೆಕ್ಕೆಗೆ ಇಳಿಯುವ ದಾರಿಯ ಮೇಲೆ ಬಿಸ್ಕತ್ತಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿ: ಗುಂಡು ಅಲ್ಲಿ ಬಂದರೆ ಸರ್ ಎನ್ನುತ್ತದೆ. ಬಲ ರೆಕ್ಕೆಯ ದಾರಿಯಲ್ಲಿ ಹಿತ್ತಾಳೆ ಮೊಳೆಗಳ ಚಿಕ್ಕ ತಲೆಗಳು ಸಾಲಾಗಿ: ಅಲ್ಲಿ ಟಿಕಟಿಕ. ಮೇಲುಗಡೆ ಒಂದು ಸೈಕಲ್ ಗಂಟೆಯ ಬಟ್ಟಲು. ಗಾಜಿನ ಬದಲು ಅಡುಗೆಮನೆ ಕಿಟಕಿಯಿಂದ ಬಿಚ್ಚಿ ತಂದ ತಂತಿ ಜಾಲರಿ. ಇನ್ನು ಸೊಳ್ಳೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವಕ್ಕೂ ಆಟ ನೋಡುವ ಆಸೆ ಇರಬಹುದು ಎಂದರು. ಬೆಳಗ್ಗೆ ಬೆಳಗ್ಗೆ ಇಷ್ಟೊಂದು ಸದ್ದು ಮಾಡಿದರೆ ಅಕ್ಕಪಕ್ಕದವರು ಬೈಯುವುದಿಲ್ಲವೇ ಎಂದರೆ, ಬೇಕರಿಯವನ ಹಿಟ್ಟು ಕಲಸುವ ಮೆಷಿನ್ನಿನ ಕಡೆ ಗಲ್ಲ ತೋರಿಸಿದರು. ಅದರ ಮುಂದೆ ಇದು ಪಿಸುಮಾತು.

ಸಿಗರೇಟು ಸುಟ್ಟ ಗುರುತಿನಂಥ ಕಲೆಗಳು ಅವರ ಬೆರಳ ತುದಿಯಲ್ಲೆಲ್ಲ ಇವೆ. ಬೆಸುಗೆ ಕಡ್ಡಿಯ ಕೊಡುಗೆ. ಯಂತ್ರದಡಿ ಮಲಗಿ ಎದ್ದು ಬೆನ್ನು ಹೋಗಿದೆ. ತಿಂಗಳಿಗೆ ಒಂದು ಯಂತ್ರ ಮುಗಿದರೆ ಹೆಚ್ಚು, ಕೆಲವು ತಿಂಗಳು ಅದೂ ಇಲ್ಲ. ಇದನ್ನೆಲ್ಲ ನಾನು ಕೇಳಿ ಕೇಳಿ ಬರೆದುಕೊಂಡೆನೇ ಹೊರತು ಅವರಾಗಿ ಹೇಳಲಿಲ್ಲ. ನಿಮಗೇನು ಆಸೆ ಎಂದು ಕೇಳಿದ್ದಕ್ಕೆ ಮಾತ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅವರು ಗೆಲ್ಲಬೇಕು ಅಂತೇನಿಲ್ಲ. ಮೊದಲಿನ ಹಾಗೆ ಒಂದು ಸಲ ಮೋಸ ಮಾಡ್ಲಿ, ಸಾಕು."

ಒಳಗಿನಿಂದ ಲೋಟದ ಸದ್ದು ಕೇಳುತ್ತದೆ. ಯಜಮಾನರು ಎದ್ದಿದ್ದಾರೆ. ಟಿಲ್ಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಬಳಿ ಹೋಗಿ, "ರೀ, ಸ್ವಲ್ಪ ಬನ್ನಿ. ಇದು ಸರಿಯಾಗಿದೆಯಾ ಅಂತ ನನಗೆ ಗೊತ್ತಾಗ್ತಿಲ್ಲ," ಎನ್ನುತ್ತಾರೆ. ಅದು ಸುಳ್ಳಲ್ಲ. ಆಮೇಲೆ ಗೋಡೆಯ ಮೇಲೆ ಕೈ ಸವರುವ ಸದ್ದು. ಎತ್ತರದ, ತುಸು ಬಾಗಿದ ಮನುಷ್ಯ ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಉಸಿರು ಬಿಗಿಹಿಡಿದು ಮೂಲೆಯಲ್ಲಿ ನಿಲ್ಲುತ್ತೇನೆ, ಆದರೂ ಅವರು ಬಂದಿದ್ದಾರಾ, ಆ ಕೊಳ್ಳೋಕೆ ಬಂದಿದ್ದವರು, ಎಂದು ನನ್ನ ಕಡೆಗೇ ತಿರುಗುತ್ತಾರೆ.

ಬೆರಳಿಗೆ ಜಾಲರಿ ತಾಗುತ್ತದೆ. "ಇದೇನು, ಕಿಟಕಿದಾ?"

"ಹೂಂ. ಗಾಜು ನೋಡೋರಿಗೆ ತಾನೇ."

ಹೀಗೆ ಹೇಳಬಹುದೇ ಎಂದು ನಾನು ಗಾಬರಿಯಿಂದ ಟಿಲ್ಟಕ್ಕನ ಕಡೆ ನೋಡುತ್ತೇನೆ. ಯಜಮಾನರ ತುಟಿಯ ಒಂದು ಕೊನೆ ಮಾತ್ರ ಮೇಲೇಳುತ್ತದೆ. ದೀಪ ಎಲ್ಲ ಹತ್ತಿದೆಯಾ ಎಂದು ಕೇಳುತ್ತಾರೆ. ಹತ್ತಿದೆ ಎಂದಾಗ, ಹತ್ತಿರಲಿ ಎನ್ನುತ್ತಾರೆ.

ಮೊದಲ ಗುಂಡು ಗಂಟೆಗೆ ಬಡಿದು, ಗೂಟಗಳಿಗೆ ತಾಗುತ್ತಾ ಇಳಿದು, ಕಿಂಡಿಗೆ ಬೀಳುತ್ತದೆ. ರೆಕ್ಕೆ ಬಡಿದದ್ದು ತಡವಾಯಿತು. ಎರಡನೆಯ ಗುಂಡಿಗೆ ಅವರು ಬಟನ್ ಒತ್ತುವುದೇ ಇಲ್ಲ. ಅದೂ ಬೀಳುತ್ತದೆ. ಹೋದ ಸಲವೂ ಇಲ್ಲಿಗೇ ನಿಂತದ್ದು. ಯಜಮಾನರು ಜಾಲರಿಯ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ.

"ಎಡಗಡೆ ತಗಡು," ಎನ್ನುತ್ತಾರೆ ಕೊನೆಗೆ.

"ಹೌದು."

"ಬಲಗಡೆ?"

"ಹಿತ್ತಾಳೆ ಮೊಳೆ."

"ನಡುವೆ ಏನೂ ಹಾಕಿಲ್ವಾ?"

"ಇಲ್ಲ. ಸದ್ದು ನಿಂತ್ರೆ ನಡುವೆ ಬರ್ತಿದೆ ಅಂತ."

ಅವರು ತಲೆಯಾಡಿಸಿ ಮೂರನೆಯ ಗುಂಡಿನ ಸ್ಪ್ರಿಂಗ್ ಎಳೆಯುತ್ತಾರೆ. ಗಂಟೆ ಟಣ್ ಎನ್ನುತ್ತದೆ. ಗಟ್ಟಿ ರಬ್ಬರ್, ಮೆತ್ತನೆ ರಬ್ಬರ್, ಮತ್ತೆ ಗಟ್ಟಿ. ಸರ್. ಎಡ ರೆಕ್ಕೆ ಫಟ್ಟೆಂದು ಬಡಿಯುತ್ತದೆ, ಗುಂಡು ಮೇಲಕ್ಕೆ ಹಾರುತ್ತದೆ. ಟಿಲ್ಟಕ್ಕ ನನ್ನ ತೋಳು ಹಿಡಿದುಕೊಳ್ಳುತ್ತಾರೆ, ನಾಳೆ ಅಲ್ಲಿ ಗುರುತು ಉಳಿಯುವಷ್ಟು ಬಿಗಿಯಾಗಿ. ಟಿಕಟಿಕ, ಬಲ ರೆಕ್ಕೆ. ಸರ್, ಎಡ ರೆಕ್ಕೆ. ಗುಂಡು ಬಿದ್ದರೆ ಮತ್ತೊಂದು ಎಳೆಯುತ್ತಾರೆ. ಬಾಗಿದ ಬೆನ್ನು ನೆಟ್ಟಗಾಗಿದೆ, ಪಾದಗಳು ಸ್ವಲ್ಪ ಅಗಲವಾಗಿ ನಿಂತಿವೆ. ಬಸ್ಸು ಓಡಿಸುವಾಗ ಅವರು ಹೇಗೆ ಕಾಣುತ್ತಿದ್ದಿರಬೇಕು ಎಂದು ನನಗೆ ಈಗ ತಿಳಿಯುತ್ತದೆ. ಎಷ್ಟು ಹೊತ್ತು ಆಡಿದರೋ, ಕಾಫಿ ಆರಿ ಕೆನೆಗಟ್ಟಿದೆ.

ಒಮ್ಮೆ ಇದ್ದಕ್ಕಿದ್ದಂತೆ ಸದ್ದು ನಿಲ್ಲುತ್ತದೆ. ಗುಂಡು ನಟ್ಟನಡುವೆ ಇಳಿಯುತ್ತಿದೆ, ಯಾವ ರೆಕ್ಕೆಗೂ ಎಟುಕದ ಜಾಗದಲ್ಲಿ. ಆಗ ಅವರ ಸೊಂಟ ಇಷ್ಟೇ ಇಷ್ಟು ಮುಂದೆ ಸರಿಯುತ್ತದೆ. ನನಗಂತೂ ಕಾಣಿಸಲೇ ಇಲ್ಲ. ಗುಂಡು ಮಾತ್ರ ದಾರಿ ತಪ್ಪಿ ತಗಡಿನ ಮೇಲೆ ಸರ್ ಎನ್ನುತ್ತದೆ.

"ಟಿಲ್ಟ್!"

ಶೆಡ್ಡಿನ ತಗಡು ಅದುರುವಂತೆ ಕೂಗಿದ ಟಿಲ್ಟಕ್ಕ ಪ್ಲಗ್ ಕಿತ್ತುಬಿಡುತ್ತಾರೆ. ಅಗ್ಗದ ಮನೆ ಯಂತ್ರಗಳಲ್ಲಿ ತೂಗುಗುಂಡು ಇರುವುದಿಲ್ಲ, ಇವರು ಇದ್ದಾರೆ. ದೀಪಗಳೆಲ್ಲ ಒಮ್ಮೆಗೇ ಆರುತ್ತವೆ. ಗುಂಡು ಗಡಗಡನೆ ಹೋಗಿ ಕಿಂಡಿಗೆ ಬೀಳುತ್ತದೆ.

ಯಜಮಾನರು ನಿಧಾನವಾಗಿ ಈ ಕಡೆ ತಿರುಗುತ್ತಾರೆ. ಮುಖದ ಮೇಲೆ ಹಾಲು ಕುಡಿಯುವ ಮಗುವಿನ ಮುಗ್ಧತೆ.

"ನಾನೆಲ್ಲಿ ಅಲ್ಲಾಡಿಸ್ದೆ, ಟಿಲ್ಟು?"

ಟಿಲ್ಟಕ್ಕನ ಬಾಯಿಂದ ಹೊರಟ ಮಾತು ಆಮೇಲೆ ನಿಲ್ಲುವುದಿಲ್ಲ. ಸೊಂಟ ನೂಕಿದ್ದು ತಾವು ಕಣ್ಣಾರೆ ಕಂಡಿದ್ದಾಗಿ ಇವರು, ನೆಲವೇ ಏರುಪೇರು ಇರುವಾಗ ತಾವೇನು ಮಾಡಲಾದೀತು ಎಂದು ಅವರು. ಒಂದು ಕಾಲು ಗಿಡ್ಡ ಬಿಟ್ಟಿದ್ದೀಯ ಎಂದು ಅವರು, ಕಾಲು ಅಳತೆ ಮಾಡಿಯೇ ಕೂರಿಸಿದ್ದೇನೆ ಎಂದು ಇವರು. ಅಲ್ಲಿಂದ ಮಾತು ಆಟದ ಅಂಗಡಿಯ ಹಳೆಯ ಲೆಕ್ಕಗಳಿಗೆ ಹೋಗುತ್ತದೆ, ಅಲ್ಲಿಂದ ಹೋದ ತಿಂಗಳ ಉಪ್ಪಿಗೆ. ಆ ಉಪ್ಪು ಬಾಯಿಗಿಡುವ ಹಾಗಿರಲಿಲ್ಲ ಎಂದು ಅವರು ಈಗ ಬಾಯಿ ಬಿಡುತ್ತಾರೆ. ಹೊರಗೆ ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದು ಇಣುಕಿ, ಏನೂ ಕೇಳದೆ, ನಗುತ್ತಾ ವಾಪಸ್ ಹೋಗುತ್ತಾನೆ.

ನನ್ನನ್ನು ಕಳಿಸಲು ಬೀದಿಯವರೆಗೆ ಬರುವ ಟಿಲ್ಟಕ್ಕನ ಫೋನ್ ಹೊಡೆದುಕೊಳ್ಳುತ್ತದೆ. ರಾತ್ರಿ ಪಾಳಿ ಮುಗಿಸಿದ ಮಗಳು.

"ನಿಮ್ಮಪ್ಪ ಜಗಳ ಆಡಿದ್ರು ಕಣೇ," ಎನ್ನುತ್ತಾರೆ.

ಮಗಳು ಏನೋ ಕೇಳುತ್ತಾಳೆ. ಟಿಲ್ಟಕ್ಕ ಕಣ್ಣೊರೆಸಿಕೊಂಡು ಶೆಡ್ಡಿನ ಕಡೆ ತಿರುಗುತ್ತಾರೆ. ಅಲ್ಲಿಂದ ಯಾರೋ ಪ್ಲಗ್ಗಿಗಾಗಿ ಗೋಡೆ ತಡಕಾಡುತ್ತಾ, ಟಿಲ್ಟು, ಟಿಲ್ಟು ಎಂದು ಕರೆಯುತ್ತಿದ್ದಾರೆ.

"ಎಲ್ಲಿ ಮುಗೀತು? ಇನ್ನೂ ನಡೀತಿದೆ. ಇಡ್ತೀನಿ, ಕರೀತಿದ್ದಾರೆ."